ಜೆಸಿಬಿ ಬರುವ ಮೊದಲು ನೆಲದೊಳಗೆ ಏನಿದೆ ಅಂತ ಹೀಗೆ ನೋಡಿಕೊಳ್ಳಿ

ಅಣ್ಣಾ, ನೀವು ಈ ಗುಂಪಿನಲ್ಲಿ ಬರೆದದ್ದು ಪೂರ್ತಿ ಓದಿದೆ. ಚಿತ್ತಾಪುರ ಕಡೆ ರಸ್ತೆಗೆ ಹತ್ತಿದ ಹೊಲ, ಮೂಲೆಯಲ್ಲಿ ಕೃಷಿ ಹೊಂಡ ತೆಗೆಸಬೇಕು, ಬೋರಿನಿಂದ ಹೊಂಡದವರೆಗೆ ಪೈಪ್ ಹಾಕೋಕೆ ಕಾಲುವೆ ಹೊಡೆಸಬೇಕು, ಶನಿವಾರಕ್ಕೆ ಜೆಸಿಬಿ ಹೇಳಿದ್ದೀರಿ. ರಸ್ತೆ ಅಂಚಿಗೆ ಓಎಫ್‌ಸಿ (ಅಂದರೆ ಫೋನ್, ಇಂಟರ್ನೆಟ್‌ನ ಆಪ್ಟಿಕಲ್ ಫೈಬರ್ ಕೇಬಲ್) ಅಂತ ಬರೆದ ಕಲ್ಲಿದೆ. ಪಕ್ಕದ ಹೊಲದವರು "ಅದು ಸತ್ತ ಕೇಬಲ್, ಯಾರೂ ಕೇಳಲ್ಲ" ಅಂದಿದ್ದಾರೆ, ಇಲ್ಲಿ ಇಬ್ಬರು "ಆ್ಯಪ್‌ನಲ್ಲಿ ನೋಡಿದರೆ ಸಾಕು" ಅಂತ ಬರೆದಿದ್ದಾರೆ. ಈ ಎರಡು ಮಾತು ನಂಬಿ ಬಕೆಟ್ ಇಳಿಸಬೇಡಿ.

ಮೊದಲು ಸತ್ತ ಕೇಬಲ್ ವಿಷಯ. ನೆಲದ ಮೇಲೆ ನಿಂತು ಕೇಬಲ್ ಸತ್ತಿದೆಯೋ ಬದುಕಿದೆಯೋ ಹೇಳೋಕೆ ಯಾರಿಗೂ ಆಗಲ್ಲ. ಹಳೆಯ ಕೇಬಲ್ ಬಿಟ್ಟಿರಬಹುದು, ಆದರೆ ಅದೇ ದಾರಿಯಲ್ಲಿ ಆಮೇಲೆ ಬೇರೆಯವರು ಹೊಸ ಪೈಪ್ ಎಳೆದಿರಬಹುದು, ಕಲ್ಲು ಮಾತ್ರ ಹಳೆಯದೇ ಉಳಿದಿರುತ್ತದೆ. ಸಂಬಂಧಪಟ್ಟವರು ಬಂದು ನೋಡಿ ಹೇಳುವವರೆಗೆ ಎಲ್ಲವೂ ಜೀವಂತ ಅಂತಲೇ ತಿಳಿಯಿರಿ. ಇನ್ನೊಂದು, ಕೇಬಲ್ ಸರಿಯಾಗಿ ಕಲ್ಲಿನ ಕೆಳಗೇ ಇರುತ್ತದೆ ಅಂತ ಇಲ್ಲ. ಕಲ್ಲನ್ನು ಒಂದೆರಡು ಅಡಿ ಆಚೀಚೆ ನೆಟ್ಟಿರುತ್ತಾರೆ, ರಸ್ತೆ ಅಗಲ ಮಾಡುವಾಗ ಕಿತ್ತು ಸುಮ್ನೆ ಬದಿಗೆ ಊರಿರುತ್ತಾರೆ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದಲ್ವಾ, ಅದರಲ್ಲೂ ಕಲ್ಲು ವಾಲುತ್ತದೆ. ಒಂದೇ ಕಲ್ಲು ನೋಡಿ ಲೆಕ್ಕ ಹಾಕಬೇಡಿ. ಅದರ ಹಿಂದಿನ ಕಲ್ಲು, ಮುಂದಿನ ಕಲ್ಲು ಎರಡೂ ಹುಡುಕಿ, ಮೂರನ್ನೂ ಸೇರಿಸಿ ಗೆರೆ ಎಳೆಯಿರಿ. ಮೋರಿ ಹತ್ತಿರ ಇದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಅಲ್ಲಿ ಕೇಬಲ್ ಮೇಲಕ್ಕೆ ಬಂದಿರುತ್ತದೆ, ಸುತ್ತು ಹಾಕಿಯೂ ಹೋಗಿರುತ್ತದೆ.

ಆ್ಯಪ್ ಒಳ್ಳೆಯದೇ, ಖಂಡಿತ ಬಳಸಿ. ಹೆಸರು ಕಾಲ್ ಬಿಫೋರ್ ಯು ಡಿಗ್, ಕೇಂದ್ರದ ದೂರಸಂಪರ್ಕ ಇಲಾಖೆಯದು, 2023ರ ಮಾರ್ಚ್‌ನಲ್ಲಿ ಶುರುವಾಯಿತು. ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಸಲ ಫೈಬರ್ ಕೇಬಲ್ ಕಡಿದುಹೋಗುತ್ತದೆ, ಸುಮಾರು 3,000 ಕೋಟಿ ರೂಪಾಯಿ ನಷ್ಟ ಅಂತ ಆಗ ಸರ್ಕಾರವೇ ಹೇಳಿತ್ತು. ಅಗೆಯುವ ಜಾಗ, ದಿನ ಎಲ್ಲ ಅದರಲ್ಲಿ ಹಾಕಿದರೆ ಆ ಜಾಗದಲ್ಲಿ ಲೈನ್ ಇರುವ ಕಂಪನಿಗಳಿಗೆ ಸಂದೇಶ ಹೋಗುತ್ತದೆ, ಅವರ ಜೊತೆ ಫೋನಿನಲ್ಲೂ ಮಾತಾಡಬಹುದು. ಟೆಲಿಫೋನ್ ಲೈನಿಗೆ ಪೆಟ್ಟು ಬೀಳುವಂಥ ಜಾಗ ಅಗೆಯೋ ಮೊದಲು ಹೀಗೆ ತಿಳಿಸಬೇಕು ಅಂತ 2023ರ ಜನವರಿಯಲ್ಲಿ ನಿಯಮವೂ ಬಂತು. ಸಮಸ್ಯೆ ಏನಂದರೆ, ಯಾರು ತಮ್ಮ ಲೈನ್ ಅದರಲ್ಲಿ ಸೇರಿಸಿದ್ದಾರೋ ಅವರಿಗೆ ಮಾತ್ರ ಸಂದೇಶ ಹೋಗುತ್ತದೆ. ನಿಮ್ಮ ಪಕ್ಕದ ಹೊಲದವರು ಹತ್ತು ವರ್ಷದ ಹಿಂದೆ ತಮ್ಮ ಬಾವಿಯಿಂದ ಎಳೆದ ಪಿವಿಸಿ ಪೈಪು ಅದರಲ್ಲಿ ಎಲ್ಲಿರುತ್ತದೆ? ನಮ್ಮ ಹೊಲಗಳಲ್ಲಿ ಜೆಸಿಬಿ ಹಲ್ಲಿಗೆ ಸಿಗುವುದು ಹೆಚ್ಚಾಗಿ ಇಂಥವೇ. ಅಣ್ಣ ತಮ್ಮಂದಿರು ಪಾಲಾಗುವ ಮೊದಲು ಹಾಕಿದ ಪೈಪ್, ಸ್ಟಾರ್ಟರ್ ಡಬ್ಬಿಯಿಂದ ಬೋರಿಗೆ ಹೋದ ಕೇಬಲ್, ಪಂಚಾಯ್ತಿಯ ನೀರಿನ ಪೈಪ್. ಇವು ಯಾವ ನಕ್ಷೆಯಲ್ಲೂ ಸಿಗಲ್ಲ, ಜನರ ನೆನಪಿನಲ್ಲಿ ಸಿಗುತ್ತವೆ.

ಅದಕ್ಕೆ ನಾಳೆ ಬೆಳಿಗ್ಗೆಯೇ ಒಂದು ಸುತ್ತು ಹಾಕಿ. ಊರಲ್ಲಿ ನೀರು ಬಿಡುವವರನ್ನು ಹೊಲಕ್ಕೇ ಕರೆದುಕೊಂಡು ಬನ್ನಿ. ಯಾವ ವಾಲ್ವ್‌ನಿಂದ ಯಾವ ಓಣಿಗೆ ಪೈಪ್ ಹೋಗಿದೆ ಅಂತ ಅವರಿಗೆ ಗೊತ್ತಿರುವಷ್ಟು ಪಂಚಾಯ್ತಿ ಕಾಗದದಲ್ಲೂ ಇರಲ್ಲ. ನಮ್ಮ ಭಾಗದ ಕರೆಂಟ್ ಕಂಪನಿ ಜೆಸ್ಕಾಂನ ಲೈನ್‌ಮನ್ ಅವರನ್ನು ಕೇಳಿ, ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ ಅರ್ಥಿಂಗ್ ಗುಂಡಿ ಎಲ್ಲಿದೆ, ಕಂಬದಿಂದ ಯಾರಿಗಾದರೂ ನೆಲದಡಿ ಕೇಬಲ್ ಕೊಟ್ಟಿದ್ದಾರಾ ಅಂತ. ಸುತ್ತಲಿನ ಹೊಲದ ಹಿರಿಯರನ್ನು ಕೇಳುವಾಗ "ನಿಮ್ಮ ಪೈಪ್ ಇದೆಯಾ" ಅಂತ ಕೇಳಬೇಡಿ, ಇಲ್ಲ ಅಂದುಬಿಡುತ್ತಾರೆ. "ನಿಮ್ಮ ಆ ತುದಿಯ ಹೊಲಕ್ಕೆ ನೀರು ಯಾವ ಕಡೆಯಿಂದ ಬರುತ್ತದೆ" ಅಂತ ಕೇಳಿ. ಆಗ ಒಡ್ಡಿನಗುಂಟ ನಡೆದು ತೋರಿಸುತ್ತಾರೆ. ಪೈಪು ಒಡ್ಡಿನಗುಂಟ ನೇರ ಹೋಗಿದೆ ಅಂತಲೂ ನಂಬಬೇಡಿ. ನಿಮ್ಮ ಕಡೆ ಕೆಲವು ಜಾಗದಲ್ಲಿ ಒಂದೆರಡು ಅಡಿಗೇ ಶಹಾಬಾದ್ ಫರ್ಸಿ ಬಂಡೆ ಸಿಗುತ್ತದೆ. ಬಂಡೆ ಬಂದ ಕಡೆ ಅಗೆಯುವವರು ಪೈಪನ್ನು ಓರೆಯಾಗಿ ತಿರುಗಿಸಿರುತ್ತಾರೆ, ಇಲ್ಲ ಅಂದರೆ ಮೇಲೆಯೇ ಹಾಕಿ ಮಣ್ಣು ಮುಚ್ಚಿರುತ್ತಾರೆ.

ಆಳದ ವಿಷಯಕ್ಕೂ ಇದೇ ಮಾತು. ಭಾರತೀಯ ಮಾನಕದ ಪ್ರಕಾರ ಮನೆ, ಪಂಪಿನ ಕರೆಂಟ್ ಕೇಬಲ್ 75 ಸೆಂಟಿಮೀಟರ್, 11 ಕೆವಿ ಕೇಬಲ್ 90 ಸೆಂಟಿಮೀಟರ್, 33 ಕೆವಿ ಆದರೆ 105 ಸೆಂಟಿಮೀಟರ್ ಆಳದಲ್ಲಿರಬೇಕು. ಬಿಎಸ್‌ಎನ್‌ಎಲ್ ಫೈಬರ್ ಕೇಬಲ್‌ಗೆ ಸಾಮಾನ್ಯವಾಗಿ 165 ಸೆಂಟಿಮೀಟರ್ ಕಾಲುವೆ ತೆಗೆಯುತ್ತಾರೆ, ಬಂಡೆ ಇದ್ದ ಕಡೆ ಕಡಿಮೆ ಆಳಕ್ಕೇ ಹಾಕಿ ಮೇಲೆ ಕಾಂಕ್ರೀಟ್ ಕೊಡುತ್ತಾರೆ. ಇವೆಲ್ಲ ಹಾಕಿದ ದಿನದ ಲೆಕ್ಕ. ಆಮೇಲೆ ರಸ್ತೆ ಬದಿಯ ಮಣ್ಣು ಕೆತ್ತಿದರೆ ಅದೇ ಕೇಬಲ್ ಮೇಲೆ ಒಂದಡಿ ಮಣ್ಣು ಉಳಿದಿರಬಹುದು. ನಿಮ್ಮ ಹೊಂಡ ಸರ್ಕಾರದ ಕೃಷಿ ಭಾಗ್ಯ ಯೋಜನೆಯ ಅಳತೆಯದು ಆದರೆ 3 ಮೀಟರ್ ಆಳ, ಅಂದರೆ ಇವೆಲ್ಲಕ್ಕಿಂತ ಕೆಳಗೆ ಹೋಗುತ್ತೀರಿ. ಅದಕ್ಕೇ ಹೊಂಡವನ್ನು ರಸ್ತೆ ಅಂಚಿನಿಂದ ಒಳಕ್ಕೆ ತೆಗೆದುಕೊಳ್ಳಿ ಅನ್ನೋದು ನನ್ನ ಮಾತು. ಕೇಬಲ್ ಬಕೆಟ್‌ಗೆ ಸಿಗದಿದ್ದರೂ ಎರೆ ಮಣ್ಣಿನ ದಡ ಒಂದು ಮಳೆಗೆ ಕುಸಿದರೆ ಅದೂ ಜೊತೆಗೆ ಹೋಗುತ್ತದೆ.

ಇನ್ನು ಮಣ್ಣನ್ನೇ ನೋಡಿ, ಅದು ತುಂಬಾ ಹೇಳುತ್ತದೆ. ಕಪ್ಪು ಹೊಲದಲ್ಲಿ ಮುರುಮಿನ (ಎರೆಯ ಕೆಳಗಿನ ಗರಸು ಮಣ್ಣಿನ) ಚೂರು ಸಾಲಾಗಿ ಕಂಡರೆ ಅಲ್ಲಿ ಯಾರೋ ಕೆಳಗಿನ ಮುರುಮಿನವರೆಗೆ ಕಾಲುವೆ ತೋಡಿ ಮುಚ್ಚಿದ್ದಾರೆ. ಮಳೆ ಬಿದ್ದ ಮೇಲೆ ಉದ್ದಕ್ಕೆ ತಗ್ಗು ಬಿದ್ದು ನೀರು ನಿಲ್ಲುವ ಗೆರೆ, ತೊಗರಿಯೋ ಜೋಳವೋ ಒಂದು ಸಾಲಿನಲ್ಲಿ ಮಾತ್ರ ಬೇರೆ ಥರ ಬೆಳೆದದ್ದು, ಬೇಸಿಗೆಯಲ್ಲೂ ಒಂದು ಕಡೆ ಹುಲ್ಲು ಹಸಿರಾಗಿರೋದು, ಇವೆಲ್ಲ ಗುರುತು. ಹುಲ್ಲು ಹಸಿರಾಗಿದ್ದರೆ ಪೈಪ್ ಸೋರುತ್ತಿದೆ ಅಂತಲೂ ಅರ್ಥ ಇರಬಹುದು.

ಯಂತ್ರ ತರಿಸಲಾ ಅಂತ ಕೇಳಿದ್ದೀರಿ. ನೆಲದೊಳಗೆ ರೇಡಾರ್ ಬಿಟ್ಟು ನೋಡುವ ಯಂತ್ರಕ್ಕೆ ದುಡ್ಡು ಕೊಡಬೇಡಿ. ಜೇಡಿಮಣ್ಣಿನ ಅಂಶ ಜಾಸ್ತಿ ಇರುವ ಎರೆ ಮಣ್ಣು ಆ ಅಲೆಗಳನ್ನು ಹೀರಿಕೊಳ್ಳುತ್ತದೆ, ಅದರಲ್ಲೂ ಹಸಿ ಇದ್ದಾಗ ಎರಡು ಮೂರು ಅಡಿ ಕೆಳಗಿನದು ಕಾಣೋದೇ ಕಷ್ಟ. ನೆಲದಡಿಯ ಕೇಬಲ್ ಹುಡುಕುವ ಕೇಬಲ್ ಲೊಕೇಟರ್ ಅನ್ನೋ ಯಂತ್ರ ಇದೆ, ಅದು ಕೆಲಸಕ್ಕೆ ಬರುತ್ತದೆ, ಆದರೆ ಲೋಹ ಇದ್ದರೆ ಮಾತ್ರ. ಬರೀ ಪ್ಲಾಸ್ಟಿಕ್ ಪೈಪು, ಲೋಹ ಇಲ್ಲದ ಫೈಬರ್ ಅದಕ್ಕೆ ಸಿಗಲ್ಲ. ಕರೆಂಟ್ ಕೇಬಲ್ ಹುಡುಕುವಾಗ ಒಂದು ವಿಷಯ ಮರೆಯಬೇಡಿ, ಕೇಬಲ್‌ನಲ್ಲಿ ಕರೆಂಟ್ ಹರಿಯುತ್ತಿದ್ದರೆ ಮಾತ್ರ ಅದು ಸುಲಭವಾಗಿ ಸಿಗುತ್ತದೆ. ನಮ್ಮಲ್ಲಿ ತ್ರೀ ಫೇಸ್ ಬರುವುದೇ ದಿನಕ್ಕೆ ಕೆಲವು ಗಂಟೆ. ತ್ರೀ ಫೇಸ್ ಇಲ್ಲದ ಹೊತ್ತಲ್ಲಿ ನೋಡಿ "ಏನೂ ಇಲ್ಲ" ಅಂದರೆ ಅದು ಸುಳ್ಳು ಧೈರ್ಯ. ಪಂಪ್ ಓಡುತ್ತಿರುವಾಗ ಹುಡುಕಿ ಗುರುತು ಹಾಕಿ, ಅಗೆಯುವಾಗ ಮಾತ್ರ ಫ್ಯೂಜ್ ತೆಗೆದು ಪೂರ್ತಿ ಬಂದ್ ಮಾಡಿಸಿ. ಪ್ಲಾಸ್ಟಿಕ್ ಪೈಪ್‌ಗೆ ಬೇರೆ ದಾರಿ ಇದೆ. ಒಂದು ತುದಿ ಬಿಚ್ಚಿ, ವೈರಿಂಗ್ ಮಾಡುವವರು ಬಳಸುವ ಉಕ್ಕಿನ ತಂತಿಯನ್ನು ಒಳಗೆ ತೂರಿಸಿ, ಲೊಕೇಟರ್‌ನ ಸಿಗ್ನಲ್ ಆ ತಂತಿಗೆ ಕೊಟ್ಟರೆ ತಂತಿ ಹೋದಷ್ಟು ದೂರ ಪೈಪಿನ ದಾರಿ ಸಿಗುತ್ತದೆ. ತೆಂಗಿನಕಾಯಿ, ಬಗ್ಗಿಸಿದ ಕಡ್ಡಿ ಹಿಡಿದು ನೋಡುವವರ ಮೇಲೆ ನಂಬಿಕೆ ಇದ್ದರೆ ಇರಲಿ, ಆದರೆ ಕರೆಂಟ್ ಕೇಬಲ್ ಮೇಲೆ ಜೆಸಿಬಿ ಬಿಡೋಕೆ ಅದನ್ನು ಆಧಾರ ಮಾಡಿಕೊಳ್ಳಬೇಡಿ.

ಇಷ್ಟೆಲ್ಲ ಆದ ಮೇಲೂ ಕೊನೆಗೆ ಕಣ್ಣಿಗೆ ಕಾಣಲೇಬೇಕು. ಅಗೆಯುವ ಜಾಗದ ಸುತ್ತ ಸುಣ್ಣದ ಗೆರೆ ಹಾಕಿ, ಲೈನ್ ಇರಬಹುದು ಅನ್ನುವ ಕಡೆ ಅದಕ್ಕೆ ಅಡ್ಡಲಾಗಿ ಕೈಯಿಂದ ಗುಂಡಿ ತೆಗೆಸಿ. ಅಡ್ಡಲಾಗಿ ಅನ್ನೋದು ಮುಖ್ಯ, ಲೈನಿನ ಗುಂಟ ತೆಗೆದರೆ ಅರ್ಧ ಅಡಿ ಪಕ್ಕದಲ್ಲೇ ಇದ್ದರೂ ತಪ್ಪಿಹೋಗುತ್ತದೆ. ಸಲಿಕೆಯಿಂದ ತೆಳ್ಳಗೆ ಕೆತ್ತುತ್ತಾ ಹೋಗಬೇಕು, ಹಾರೆ ಹಾಕಿ ಕುಟ್ಟಬಾರದು. ಎರೆ ಮಣ್ಣಿನ ನಡುವೆ ಮರಳು ಸಿಕ್ಕರೆ ಅಲ್ಲೇ ನಿಲ್ಲಿಸಿ, ಯಾಕಂದರೆ ಅದು ತಾನಾಗಿ ಅಲ್ಲಿಗೆ ಬಂದದ್ದಲ್ಲ. ಕರೆಂಟ್ ಕೇಬಲ್ ಸುತ್ತ ಮರಳು ತುಂಬಿ, ಮೇಲೆ ಇಟ್ಟಿಗೆಯೋ ಹಂಚೋ ಇಟ್ಟಿರುತ್ತಾರೆ. ಬಣ್ಣದ ಪ್ಲಾಸ್ಟಿಕ್ ಪಟ್ಟಿ ಸಿಕ್ಕರೂ ಅಷ್ಟೇ. ಕಪ್ಪು ಪೈಪಿನ ಮೇಲೆ ನೀಲಿ ಗೆರೆ ಇದ್ದರೆ ಸಾಮಾನ್ಯವಾಗಿ ಕುಡಿಯುವ ನೀರಿನದು. ಲೈನ್ ಕಂಡ ಮೇಲೆ ಅದರ ಎರಡೂ ಬದಿಗೆ ಎರಡಡಿ ಜೆಸಿಬಿ ಮುಟ್ಟಬಾರದು, ಕೈಯಲ್ಲೇ ಅಗೆಯಬೇಕು. ಜೆಸಿಬಿ ಬಾಡಿಗೆ ಗಂಟೆ ಲೆಕ್ಕ, ಡ್ರೈವರ್‌ಗೂ ಅವಸರ ನಿಮಗೂ ಅವಸರ ಇರುತ್ತದೆ. ಅದಕ್ಕೆ ಗುಂಡಿಗಳನ್ನು ಶುಕ್ರವಾರವೇ ತೆಗೆಸಿ ಮುಗಿಸಿ. ಶನಿವಾರ ಬಕೆಟ್ ಮುಂದೆ ಒಬ್ಬರು ನಿಂತು ನೋಡುತ್ತಿರಲಿ, ಅವರು ಕೈ ಎತ್ತಿದರೆ ಡ್ರೈವರ್ ನಿಲ್ಲಿಸಬೇಕು ಅಂತ ಮೊದಲೇ ಮಾತಾಗಲಿ. ತಲೆ ಮೇಲಿನ ತಂತಿಯನ್ನೂ ನೋಡಿಕೊಳ್ಳಿ.

ಏನಾದರೂ ತಾಗಿದರೆ: ಕರೆಂಟ್ ಕೇಬಲ್ ಆದರೆ ಡ್ರೈವರ್ ಕೆಳಗಿಳಿಯಬಾರದು, ಸಾಧ್ಯವಾದರೆ ಕುಳಿತಲ್ಲಿಂದಲೇ ಗಾಡಿ ಹಿಂದಕ್ಕೆ ತೆಗೆಯಲಿ. ಉಳಿದವರು ದೂರ ಸರಿದು ಕರೆಂಟ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಗಾಡಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದ ಹಾಗೆ ಎರಡೂ ಕಾಲು ಜೋಡಿಸಿ ಹಾರಬೇಕು, ಪಾದ ಎತ್ತದೆ ಜಾರಿಸುತ್ತಾ ದೂರ ಹೋಗಬೇಕು. ಕುಡಿಯುವ ನೀರಿನ ಪೈಪ್ ಒಡೆದರೆ ಸೈಕಲ್ ಟ್ಯೂಬ್ ಸುತ್ತಿ ಮಣ್ಣು ಮುಚ್ಚಿ ಸುಮ್ಮನಾಗಬೇಡಿ, ದಯವಿಟ್ಟು. ನಮ್ಮ ಊರುಗಳಲ್ಲಿ ನೀರು ಇಡೀ ದಿನ ಬಿಡಲ್ಲ. ನೀರು ನಿಂತಾಗ ಆ ತೂತಿನಿಂದ ಕೆಸರು ನೀರು ಒಳಗೆ ಹೋಗುತ್ತದೆ, ಮರುದಿನ ಅದನ್ನೇ ಊರಿನ ಮಕ್ಕಳು ಕುಡಿಯುತ್ತಾರೆ. ವಾಲ್ವ್ ಬಂದ್ ಮಾಡಿಸಿ, ಸರಿಯಾಗಿ ಜೋಡಿಸಿ, ಮೊದಲ ನೀರು ಹೊರಗೆ ಹರಿಯಲು ಬಿಡಿ.

ಬೀದರ್ ಕಡೆಯವರೂ ಈ ಗುಂಪಿನಲ್ಲಿದ್ದಾರೆ, ಅವರಿಗೆ ಎರಡು ಮಾತು. ಕಾಕಿನಾಡದಿಂದ ಭರೂಚ್‌ಗೆ ಹೋಗುವ ದೊಡ್ಡ ಗ್ಯಾಸ್ ಪೈಪ್‌ಲೈನ್ ನಮ್ಮ ಭಾಗದಿಂದಲೇ ಹಾದುಹೋಗಿದೆ. ಇಂಥ ಪೈಪ್ ಹೋದ ಪಟ್ಟಿಯಲ್ಲಿ ಬೆಳೆ ಬೆಳೆಯಬಹುದು, ಆದರೆ 1962ರ ಕಾಯ್ದೆ ಪ್ರಕಾರ ಬಾವಿ, ಕೆರೆ, ಹೊಂಡ ತೋಡುವ ಹಾಗಿಲ್ಲ, ಮರ ಹಚ್ಚುವ ಹಾಗಿಲ್ಲ, ಮನೆ ಕಟ್ಟುವ ಹಾಗಿಲ್ಲ. ಹೊಲ ಕೊಂಡವರು ಪಹಣಿಯ ಹಕ್ಕು, ಋಣದ ಕಾಲಂ ಒಮ್ಮೆ ನೋಡಿ. ನೌಬಾದ್ ಸುತ್ತ ಬೋರು ಹೊಡೆಸುವವರು ಬಹಮನಿ ಕಾಲದ ಕರೇಜ್ (ನೆಲದಡಿ ನೀರು ಹರಿಸುವ) ಸುರಂಗ ಎಲ್ಲಿ ಹೋಗಿದೆ ಅಂತ ತಿಳಿದೇ ಹೊಡೆಸಿ. ಮೇಲೆ ಕಾಣುವ ಗಾಳಿ ಬಾವಿಗಳನ್ನು ಸಾಲಾಗಿ ಸೇರಿಸಿದರೆ ಅದರ ದಾರಿ ಸುಮಾರಾಗಿ ಸಿಗುತ್ತದೆ. ಕೆಂಪು ಜಂಬಿಟ್ಟಿಗೆ ಕಲ್ಲು ಕೊರೆದು ಮಾಡಿದ ಆ ನೀರಿನ ದಾರಿ ಒಮ್ಮೆ ಒಡೆದರೆ ಮತ್ತೆ ಕಟ್ಟೋದು ಸುಲಭ ಅಲ್ಲ.

ಅಣ್ಣಾ, ನಿಮ್ಮ ಹೊಸ ಪೈಪ್ ಹಾಕುವಾಗ ಜೊತೆಗೇ ಒಂದೆಳೆ ತಾಮ್ರದ ವೈರ್ ಹಾಕಿಸಿ, ತುದಿಗಳನ್ನು ವಾಲ್ವ್ ಹತ್ತಿರ ಮೇಲೆ ಬಿಡಿಸಿ. ಮುಂದೆ ಲೊಕೇಟರ್‌ಗೆ ಸಿಗುತ್ತದೆ. ಪೈಪಿನ ಒಂದಡಿ ಮೇಲೆ ಬಣ್ಣದ ಪಟ್ಟಿ ಹಾಸಿ. ಮಣ್ಣು ಮುಚ್ಚುವ ಮೊದಲು ಫೋಟೊ ತೆಗೆಯಿರಿ, ಆದರೆ ಮೊಬೈಲ್‌ನ ಲೊಕೇಶನ್ ನಂಬಿ ಕೂರಬೇಡಿ, ಅದು ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಟೇಪ್ ಹಿಡಿದು ಬೋರಿನ ಕೇಸಿಂಗ್‌ನಿಂದ ಎಷ್ಟು, ಕಂಬದಿಂದ ಎಷ್ಟು, ಬಾಂದು ಕಲ್ಲಿನಿಂದ ಎಷ್ಟು ಅಂತ ಪ್ರತಿ ತಿರುವಿಗೂ ಅಳೆದು ಬರೆಯಿರಿ. ಒಂದು ಪ್ರತಿ ಪಹಣಿ ಜೊತೆ ಇಡಿ, ಒಂದನ್ನು ಸ್ಟಾರ್ಟರ್ ಡಬ್ಬಿಯ ಬಾಗಿಲ ಒಳಗೆ ಅಂಟಿಸಿ, ಪಕ್ಕದ ಹೊಲದವರಿಗೂ ಒಂದು ಕೊಡಿ.