ಕೆಲಸ, ಮನೆ, ಸುತ್ತಾಟದ ನಡುವೆ ತುಂಡು ಬಟ್ಟೆ ಜೋಡಿಸಿ ಕೌದಿ ಹೊಲಿಯೋಕೆ ಆಗುತ್ತಾ?

ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಕೆಲಸಕ್ಕೆ ಹೋಗುತ್ತೀರಿ, ಮನೆಯಲ್ಲಿ ಇಬ್ಬರು ಮಕ್ಕಳು, ರಜೆ ಸಿಕ್ಕರೆ ಎಲ್ಲಾದರೂ ಹೋಗಿಬರುವ ಆಸೆ. ಇದೆಲ್ಲದರ ಜೊತೆ ಪ್ಯಾಚ್‌ವರ್ಕ್ ಕೌದಿ ಹೊಲಿಯೋಕೆ ಆಗುತ್ತಾ, ಮೆಷಿನ್ ಬೇಕೇ ಬೇಕಾ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ಆಗುತ್ತೆ. ಮೆಷಿನ್ ಬೇಡ. ಶುರು ಮಾಡೋದು ಒಂದು ಸ್ಟೀಲ್ ಡಬ್ಬಿಯಿಂದ.

ನಾನು ಹಾಸನದವಳು. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಒಂಬತ್ತು ವರ್ಷದಿಂದ ಹೊಲಿಯುತ್ತಿದ್ದೇನೆ. ಅದರಲ್ಲಿ ಮೊದಲ ಎರಡು ವರ್ಷ ಒಂದು ಕೌದಿಯೂ ಮುಗಿಯಲಿಲ್ಲ. ಯಾಕೆ ಅಂದರೆ ನಾನು ಬಿಡುವು ಸಿಗಲಿ ಅಂತ ಕಾಯುತ್ತಿದ್ದೆ. ಭಾನುವಾರ ಊಟದ ಟೇಬಲ್ ಮೇಲೆ ಬಟ್ಟೆ ಹರಡಿ ಗೆರೆ ಎಳೆಯೋಕೆ ಕೂತರೆ ಸಾಕು, ಯಾರಾದರೂ ನೆಂಟರು ಬರೋರು. ಎಲ್ಲಾ ಮಡಚಿ ಬೀರುವಿಗೆ ತುರುಕಿದರೆ ಮತ್ತೆ ತೆಗೆಯೋದು ತಿಂಗಳ ಮೇಲೆ. ಅಷ್ಟರಲ್ಲಿ ಎಲ್ಲಿಗೆ ನಿಲ್ಲಿಸಿದ್ದೆ ಅನ್ನೋದೇ ಮರೆತುಹೋಗಿರುತ್ತಿತ್ತು.

ದಾರಿ ತೋರಿಸಿದ್ದು ನಮ್ಮತ್ತೆ. ರಾತ್ರಿ ಅವರು ಸೀರಿಯಲ್ ನೋಡುವಾಗ ನಾನು ಪಕ್ಕದಲ್ಲಿ ಸುಮ್ನೆ ಕೂತಿರುತ್ತಿದ್ದೆ. ಒಂದು ದಿನ "ಅಲ್ಲಾ ಕಣಮ್ಮಾ, ಅಷ್ಟು ದೊಡ್ಡ ಬಟ್ಟೆ ಯಾಕ್ ಹರಡ್ಕೊಂಡ್ ಕೂತ್ಕೋತೀಯ? ಹೂ ಕಟ್ಟೋ ಹಾಗೆ ಒಂದೊಂದೇ ಕಟ್ಕೊಂಡ್ ಹೋಗು" ಅಂದರು. ನಿಜವಾಗಿಯೂ ಅಷ್ಟೇ ವಿಷಯ. ಮಡಿಲಲ್ಲಿ ಹಿಡಿಸುವಷ್ಟು ಸಣ್ಣ ಕೆಲಸ ಇದ್ದರೆ ಅದಕ್ಕೆ ಬೇರೆ ಜಾಗವೂ ಬೇಡ, ಬೇರೆ ಹೊತ್ತೂ ಬೇಡ.

ನಾನು ಮಾಡೋದನ್ನು ಹೇಳುತ್ತೇನೆ. ಕಂಪಾಸ್ ತಗೊಂಡು 1 ಇಂಚು ತ್ರಿಜ್ಯದ ವೃತ್ತ ಎಳೆಯಿರಿ. ಅದೇ 1 ಇಂಚನ್ನು ಬದಲಾಯಿಸದೆ ವೃತ್ತದ ಸುತ್ತ ಗುರುತು ಹಾಕುತ್ತಾ ಬನ್ನಿ, ಸರಿಯಾಗಿ ಆರು ಗುರುತು ಬೀಳುತ್ತೆ. ಸೇರಿಸಿದರೆ ಆರು ಮೂಲೆಯ ಆಕಾರ, ಜೇನುಗೂಡಿನ ಕಣ್ಣಿನ ಹಾಗೆ. ಇದನ್ನು ದಪ್ಪ ಕಾಗದದಲ್ಲಿ ಕತ್ತರಿಸಿಕೊಳ್ಳಬೇಕು. ಹಳೇ ಲಗ್ನಪತ್ರಿಕೆಗಿಂತ ಒಳ್ಳೆಯ ಕಾಗದ ನನಗೆ ಸಿಕ್ಕಿಲ್ಲ. ಬಾಗುತ್ತೆ, ಆದರೆ ಮುರಿಯಲ್ಲ. ದೇವರ ಚಿತ್ರ ಇರುವ ಭಾಗ ಬಿಟ್ಟುಬಿಡುತ್ತೇನೆ. ಅರಿಶಿನ ಹಚ್ಚಿದ ಮೂಲೆಯನ್ನೂ ಬಳಸಬೇಡಿ, ಬಟ್ಟೆಗೆ ಕಲೆ ಹತ್ತುತ್ತೆ.

ಬಟ್ಟೆಯನ್ನು ಕಾಗದಕ್ಕಿಂತ ಸುತ್ತಲೂ ಕಾಲು ಇಂಚು ಜಾಸ್ತಿ ಬಿಟ್ಟು ಕತ್ತರಿಸಿ. ಕಾಗದದ ಮೇಲೆ ಮಡಚಿ, ಮೂಲೆ ಮೂಲೆಗೆ ಒಂದೊಂದು ಕಚ್ಚಾ ಟಾಕು ಹಾಕಿ. ಇಂಥ ಎರಡು ತುಂಡುಗಳ ಮುಖಕ್ಕೆ ಮುಖ ಸೇರಿಸಿ ಹಿಡಿದು, ಅಂಚಿನ ಎರಡು ಎಳೆ ಮಾತ್ರ ಸೂಜಿಗೆ ಸಿಗುವ ಹಾಗೆ ಹೊಲಿಯಿರಿ. ಸೂಜಿ ಕಾಗದಕ್ಕೆ ಚುಚ್ಚಬಾರದು, ಸವರಿಕೊಂಡು ಹೋಗಬೇಕು. ಕೈಗೆ ಆ ಜಾರುವ ಹದ ಸಿಕ್ಕ ದಿನದಿಂದ ಇದನ್ನು ಬಿಡೋಕಾಗಲ್ಲ. ನಡುವೆ ಒಂದು, ಸುತ್ತ ಆರು ಸೇರಿದರೆ ಒಂದು ಹೂವು. ನನಗೆ ಒಂದು ಹೂವಿಗೆ ಸುಮಾರು ಒಂದು ಗಂಟೆ ಬೇಕು, ಅಂದರೆ ಮೂರು ರಾತ್ರಿಯ ಸೀರಿಯಲ್. ಒಂದು ತುಂಡಿನ ಆರೂ ಬದಿ ಹೊಲಿದಾದ ಮೇಲೆ ಅದರ ಕಾಗದ ತೆಗೆದು ಇನ್ನೊಂದಕ್ಕೆ ಬಳಸಬಹುದು. ಹದಿನೆಂಟು ಹೂವಾದರೆ ಅಂಚು ಸಮ ಮಾಡಿ 16 ಇಂಚಿನ ಕುಶನ್ ಕವರಿನ ಒಂದು ಮುಖ ಮುಗಿಯುತ್ತೆ. ಮೊದಲ ಸಲಕ್ಕೆ ಅಷ್ಟು ಸಾಕು. ಮಂಚದಷ್ಟು ಅಗಲದ್ದಕ್ಕೆ ಕೈ ಹಾಕಲೇಬೇಡಿ.

ಡಬ್ಬಿಯಲ್ಲಿ ಇರೋದು ಇಷ್ಟೇ: ಎರಡು ಸೂಜಿ, ಒಂದು ರೀಲು ದಾರ, ಸಣ್ಣ ಕತ್ತರಿ, ಹತ್ತು ಹನ್ನೆರಡು ಕಾಗದ, ಅಷ್ಟೇ ಬಟ್ಟೆ ತುಂಡು. ಅದು ಯಾವಾಗಲೂ ನನ್ನ ಬ್ಯಾಗಿನಲ್ಲಿರುತ್ತೆ. ಬಸ್ಸಿಗೆ ಕಾಯುವಾಗ, ಮಗಳನ್ನು ಟ್ಯೂಷನ್ನಿಂದ ಕರೆದುಕೊಂಡು ಬರೋಕೆ ಹೋದಾಗ, ಡಾಕ್ಟರ ಹತ್ತಿರ ಸರದಿ ಬರೋವರೆಗೆ ತೆಗೆಯುತ್ತೇನೆ. ಓಡುವ ಬಸ್ಸಿನಲ್ಲಿ ಮಾತ್ರ ಬೇಡ. ಹಂಪ್ ಬಂದರೆ ಸೂಜಿ ಬೆರಳಿಗೇ ಇಳಿಯುತ್ತೆ.

ಬಟ್ಟೆಗೆ ದುಡ್ಡು ಸುರಿಯಬೇಡಿ. ನಮ್ಮ ಮನೆಗಳಲ್ಲಿ ಅರಿಶಿನ ಕುಂಕುಮದ ಜೊತೆ ಬಂದ ಬ್ಲೌಸ್ ಪೀಸುಗಳು ಬೀರು ತುಂಬಾ ಇರುತ್ತವೆ ಅಲ್ವಾ? ಹೊಲಿಸೋದೂ ಇಲ್ಲ, ಎಸೆಯೋಕೆ ಮನಸ್ಸೂ ಬರಲ್ಲ. ಅದರಲ್ಲಿ ಅಪ್ಪಟ ಹತ್ತಿಯದ್ದನ್ನು ಆರಿಸಿಕೊಳ್ಳಿ. ಗೊತ್ತಾಗದಿದ್ದರೆ ಅಂಚಿನಿಂದ ನಾಲ್ಕು ಎಳೆ ಬಿಡಿಸಿ ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ. ಹತ್ತಿ ಕಾಗದದ ಹಾಗೆ ವಾಸನೆ ಬಂದು ಬೂದಿಯಾಗುತ್ತೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಕಟ್ಟುತ್ತೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಟೈಲರ್ ಅಂಗಡಿಯಲ್ಲಿ ಕೇಳಿದರೆ ಮಿಕ್ಕ ಚೂರುಗಳನ್ನು ಚೀಲ ತುಂಬಾ ಕೊಡುತ್ತಾರೆ. ಮಕ್ಕಳ ಹಳೇ ಫ್ರಾಕು, ಕಾಲರ್ ಸವೆದ ಶರಟು, ಇವೂ ಚೆನ್ನಾಗಿರುತ್ತವೆ.

ಆದರೆ ಕತ್ತರಿ ಹಾಕುವ ಮೊದಲು ಒಗೆಯಲೇಬೇಕು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ನನ್ನ ಎರಡನೇ ಕೌದಿ ಹಾಗೇ ಹಾಳಾಯಿತು. ಎಂಟು ತಿಂಗಳು ಹೊಲಿದಿದ್ದೆ. ಬಿಳಿ ಮತ್ತು ಕುಂಕುಮದ ಕೆಂಪು, ನೋಡೋಕೆ ಎರಡು ಕಣ್ಣು ಸಾಲದು. ಮೊದಲ ಸಲ ಬಕೆಟ್ಟಿಗೆ ಹಾಕಿದಾಗಲೇ ಒಂದು ಕೆಂಪು ಬಣ್ಣ ಬಿಟ್ಟಿತು. ಬಿಳಿಯೆಲ್ಲಾ ಗುಲಾಬಿ. ಅವತ್ತು ನಾನು ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ. ಈಗ ಹೊಸ ಬಟ್ಟೆ ಯಾವುದೇ ಬರಲಿ, ಬಿಸಿನೀರಿಗೆ ಒಂದು ಬಿಳಿ ಕರ್ಚೀಫಿನ ಜೊತೆ ಹಾಕಿ ಅರ್ಧ ಗಂಟೆ ಬಿಡುತ್ತೇನೆ. ಕರ್ಚೀಫಿಗೆ ಬಣ್ಣ ಹತ್ತಿದರೆ ಇನ್ನೊಂದು ಸಲ. ಮೂರು ಸಲಕ್ಕೂ ನಿಲ್ಲದಿದ್ದರೆ ಆ ಬಟ್ಟೆ ಕೌದಿಗಲ್ಲ. ಇದರಿಂದ ಇನ್ನೊಂದು ಉಪಕಾರ ಇದೆ. ಹತ್ತಿ ಕುಗ್ಗೋದಿದ್ದರೆ ಮೊದಲೇ ಕುಗ್ಗಿಬಿಡುತ್ತೆ.

ಇನ್ನು ಸುತ್ತಾಟದ ವಿಷಯ. ಹೊಲಿಗೆಗಾಗಿ ಅದನ್ನು ಬಿಡಬೇಕಾ ಅಂತ ನೀವು ಅಳುಕಿದ್ದೀರಿ. ನನ್ನ ಅನುಭವದಲ್ಲಿ ಸುತ್ತಾಟ ಬಿಟ್ಟರೆ ಹೊಲಿಗೆಯೂ ಸೊರಗುತ್ತೆ. ನನ್ನ ಅತಿ ಒಳ್ಳೆಯ ಕೌದಿ ಹುಟ್ಟಿದ್ದು ಸಕಲೇಶಪುರದ ಮಂಜರಾಬಾದ್ ಕೋಟೆಯಲ್ಲಿ. ಟಿಪ್ಪು 1792ರಲ್ಲಿ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಒಳಗೆ ನಿಂತರೆ ನಕ್ಷತ್ರ ಕಾಣಲ್ಲ. ಗೋಡೆ ಮೇಲೆ ನಡೆಯುತ್ತಾ ಹೋದಾಗ ಒಂದೊಂದೇ ಮೂಲೆ ತಿರುಗುತ್ತೆ, ಆಗ ಕಾಲಿಗೆ ಗೊತ್ತಾಗುತ್ತೆ. ನಡುವೆ ಒಂದು ಕೊಳ, ಕೂಡಿಸುವ ಗುರುತಿನ ಆಕಾರದ್ದು. ಮಗಳು ಸುತ್ತು ಹಾಕಿ ಬಂದು "ಅಮ್ಮಾ, ಎಂಟೇ ಇರೋದು, ಎರಡು ಸಲ ಎಣಿಸಿದೆ" ಅಂದಳು. ಆಷಾಢದ ಮಂಜು, ಕಲ್ಲಿನ ಮೇಲೆ ಹಸಿರು ಪಾಚಿ. ಮನೆಗೆ ಬಂದ ರಾತ್ರಿಯೇ ಗ್ರಾಫ್ ಹಾಳೆಯಲ್ಲಿ ಎಳೆದೆ. ಬೂದು, ಪಾಚಿ ಹಸಿರು, ನಡುವೆ ಒಂದು ಚೂರು ಬಿಳಿ.

ಎಂಟು ಮೂಲೆಯ ನಕ್ಷತ್ರಕ್ಕೆ ಎಂಟು ವಜ್ರಾಕೃತಿ ತುಂಡು ಬೇಕು. ಒಳಗಿನ ತುದಿ ಒಂದೊಂದೂ 45 ಡಿಗ್ರಿ, ಎಂಟು ಸೇರಿದರೆ 360. ಪಾಠ ಮಾಡುವಾಗ ಇದು ಎಷ್ಟು ಸಲೀಸು! ಹೊಲಿಯುವಾಗ ಒಂದೊಂದು ತುಂಡಿನಲ್ಲಿ ಒಂದೇ ಡಿಗ್ರಿ ಕಮ್ಮಿಯಾದರೂ ಎಂಟಕ್ಕೆ ಎಂಟು ಡಿಗ್ರಿ ಕಮ್ಮಿ. ಬಟ್ಟೆ ಚಪ್ಪಟೆ ಕೂರಲ್ಲ, ಕಡಲೆಕಾಯಿ ಪೊಟ್ಟಣದ ಹಾಗೆ ಮಧ್ಯ ಎದ್ದು ನಿಲ್ಲುತ್ತೆ. ನನಗೆ ಎರಡು ಸಲ ಹಾಗಾಯಿತು. ರಟ್ಟಿನ ಅಚ್ಚು ಬಳಸುತ್ತಿದ್ದೆ. ಪೆನ್ಸಿಲ್ ಉಜ್ಜಿ ಉಜ್ಜಿ ಅದರ ತುದಿ ಸವೆದಿತ್ತು. ಹಳೇ ಎಕ್ಸ್‌ರೇ ಫಿಲ್ಮಿನಲ್ಲಿ ಅಚ್ಚು ಕತ್ತರಿಸಿದ ಮೇಲೆ ಸರಿಹೋಯಿತು. ಆ ನಕ್ಷತ್ರ ಈಗ ಮಗಳ ಮಂಚದ ಮೇಲಿದೆ.

ಅಲ್ಲಿಂದ ಈಚೆಗೆ ಎಲ್ಲಿಗೆ ಹೋದರೂ ನೆಲ, ಗೋಡೆ, ಜಗಲಿ ನೋಡುವ ಅಭ್ಯಾಸವಾಗಿದೆ. ಹಳೇಬೀಡಿನ ದೇವಸ್ಥಾನ ನಿಂತಿರುವ ಜಗಲಿಯ ಅಂಚಿನಲ್ಲೇ ನಡೆದುಕೊಂಡು ಹೋಗಿ ನೋಡಿ, ಎಷ್ಟು ಸಲ ಮೂಲೆ ತಿರುಗುತ್ತೆ ಅಂತ. ಅರಸೀಕೆರೆಯ ಈಶ್ವರ ದೇವಸ್ಥಾನದ ಮುಂದಿನ ಮಂಟಪ ಹದಿನಾರು ಮೂಲೆಯ ನಕ್ಷತ್ರ. ಒಂದು ಚೌಕವನ್ನು ಅದೇ ಜಾಗದಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಎಳೆದರೆ ಬರುವ ಆಕಾರ ಅದು. ಮಕ್ಕಳ ಕೈಯಲ್ಲಿ ಕಾಗದದಲ್ಲಿ ಮಾಡಿಸಿ, ತುಂಬಾ ಇಷ್ಟಪಡುತ್ತಾರೆ.

ರೈಲಿನಲ್ಲಿ ಹೊಲಿಯೋದು ಬಸ್ಸಿಗಿಂತ ಎಷ್ಟೋ ವಾಸಿ. ಹಾಸನದಿಂದ ಸಕಲೇಶಪುರದವರೆಗೆ ಆರಾಮಾಗಿ ಎರಡು ಮೂರು ಬದಿ ಮುಗಿಯುತ್ತೆ. ಅಲ್ಲಿಂದ ಸುಬ್ರಹ್ಮಣ್ಯದ ಕಡೆ ಘಾಟಿ ಇಳಿಯೋಕೆ ಶುರುವಾದರೆ 50ಕ್ಕೂ ಜಾಸ್ತಿ ಸುರಂಗ. ಬೆಳಕು ಬಂತು ಅನ್ನುವಾಗ ಮತ್ತೆ ಕತ್ತಲು. ಅಲ್ಲಿ ಡಬ್ಬಿ ಮುಚ್ಚಿ ಕಿಟಕಿ ನೋಡಿ. ಆ ಹಸಿರು ಬಿಟ್ಟು ಹೊಲಿಯುವಂಥದ್ದು ಏನೂ ಇಲ್ಲ.

ಅಳತೆ, ಕೋನ ಎಲ್ಲಾ ಬೇಡಪ್ಪ ಅನ್ನೋರಿಗೆ ನಮ್ಮದೇ ದಾರಿ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ ನೋಡಿ. ಹಿಂದಿನ ಬಟ್ಟೆಯನ್ನು ಮೊದಲು ಹಾಸಿ, ಹೊರಗಿನ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಒಳಗೆ ಬರುತ್ತಾರೆ. ಕೈಗೆ ಸಿಕ್ಕ ತುಂಡನ್ನು ಅಂಚು ಮಡಚಿ ಇಟ್ಟು, ಸಾಲು ಸಾಲಾಗಿ ಟಾಕು ಹಾಕುತ್ತಾ ಹೋಗೋದು. ಜೋಡಿಸೋದು, ಪದರ ಸೇರಿಸೋದು ಎರಡೂ ಒಟ್ಟಿಗೆ ಮುಗಿಯುತ್ತೆ. ನಾಲ್ಕು ಮೂಲೆಗೂ ಮಡಚಿದ ಪುಟ್ಟ ತುಂಡುಗಳ ಹೂವು ಇಟ್ಟರೇನೇ ಅವರಿಗೆ ಅದು ಪೂರ್ತಿ. ನಮ್ಮಜ್ಜಿ ಅರಸೀಕೆರೆ ಕಡೆಯವರು. ಅವರೂ ಹೆಚ್ಚುಕಡಿಮೆ ಹೀಗೇ ಹೊಲಿಯುತ್ತಿದ್ದರು, ಅದನ್ನು ಬೊಂತೆ ಅನ್ನುತ್ತಿದ್ದರು. ಅಜ್ಜಿ ಸ್ಕೇಲ್ ಹಿಡಿದಿದ್ದನ್ನು ನಾನು ನೋಡೇ ಇಲ್ಲ. ಎರಡು ಟಾಕಿನ ನಡುವಿನ ದೂರಕ್ಕೆ ಹೆಬ್ಬೆರಳ ಉಗುರು ಇಟ್ಟು ನೋಡುತ್ತಿದ್ದರು. ಆ ಬೊಂತೆ ಹೊದ್ದು ಮಲಗಿದರೆ ಹೊಲಿಗೆಯ ಸಾಲು ಕೆನ್ನೆಗೆ ಒತ್ತಿ ಬೆಳಿಗ್ಗೆ ಗೆರೆ ಮೂಡಿರುತ್ತಿತ್ತು.

ಮನೆಯಲ್ಲಿ ಈಗಾಗಲೇ ಮೆಷಿನ್ ಇದ್ದರೆ ಚೌಕದ ಕೌದಿ ಬೇಗ ಆಗುತ್ತೆ. ನಾಲ್ಕೂವರೆ ಇಂಚಿನ ಚೌಕ ಕತ್ತರಿಸಿದರೆ ಹೊಲಿದ ಮೇಲೆ ನಾಲ್ಕು ಇಂಚು. ಅಡ್ಡ 9, ಉದ್ದ 10, ಒಟ್ಟು 90 ಚೌಕಕ್ಕೆ 36 ಇಂಚು ಅಗಲ, 40 ಇಂಚು ಉದ್ದದ ಮಗುವಿನ ಹೊದಿಕೆ. ಒಬ್ಬರು ಮಲಗುವ ಮಂಚಕ್ಕೆ 15ಕ್ಕೆ 21, ಅಂದರೆ 315. ಹೊಲಿಗೆ ಅಂಚಿನಿಂದ ಸರಿಯಾಗಿ ಕಾಲು ಇಂಚು ಒಳಗಿರಬೇಕು. ಬರೀ ಇಂಚಿನ ಹದಿನಾರನೇ ಒಂದು ಭಾಗ ಒಳಗೆ ಹೋದರೂ 15 ಚೌಕದ ಸಾಲಿನಲ್ಲಿ ಒಂದೂಮುಕ್ಕಾಲು ಇಂಚು ಮಾಯ. ಆಮೇಲೆ ಯಾವ ಸಾಲೂ ಇನ್ನೊಂದಕ್ಕೆ ಕೂಡಲ್ಲ. ಮೆಷಿನ್ ಮೇಲೆ ಸೂಜಿಯಿಂದ ಕಾಲು ಇಂಚಿಗೆ ಒಂದು ಪಟ್ಟಿ ಟೇಪು ಅಂಟಿಸಿ, ಬಟ್ಟೆಯ ಅಂಚನ್ನು ಅದಕ್ಕೆ ತಾಗಿಸಿಕೊಂಡು ಬಿಡಿ.

ಒಳಗಿನ ಪದರಕ್ಕೆ ನಮ್ಮ ಊರಿನ ಚಳಿಗೆ ಒಂದು ಹಳೇ ಕಾಟನ್ ಬೆಡ್‌ಶೀಟ್ ಅಥವಾ ಎರಡು ಪದರ ಮೆತ್ತಗಾದ ಪಂಚೆ ಸಾಕು. ಅಂಗಡಿಯ ದಪ್ಪ ಫೈಬರ್ ಶೀಟ್ ಹಾಕಿದರೆ ಕೈಹೊಲಿಗೆಗೆ ಸೂಜಿ ಇಳಿಯೋದೇ ಕಷ್ಟ. ಒಗೆಯುವ ಕೆಲಸವನ್ನು ಶಿವರಾತ್ರಿ ಕಳೆದ ಮೇಲೆ ಇಟ್ಟುಕೊಳ್ಳಿ. ಜೂನ್-ಜುಲೈನ ಜಡಿಮಳೆಯಲ್ಲಿ ಒಗೆದರೆ ನಾಲ್ಕು ದಿನವಾದರೂ ಒಣಗಲ್ಲ, ಮುಗ್ಗಲು ವಾಸನೆ ಹಿಡಿಯುತ್ತೆ. ನೀವು ಮಲೆನಾಡಿನ ಕಡೆಯವರಾದರೆ ಇದು ನಿಮಗೆ ಹೇಳಬೇಕಾಗಿಯೇ ಇಲ್ಲ.

ಹೊರಗೆ ಹೋಗುವಾಗ ಬಟ್ಟೆ ಬಣ್ಣಕ್ಕೆ ತಕ್ಕ ಹಾಗೆ ಆರು ರೀಲು ಹೊರಬೇಕಿಲ್ಲ. ಒಂದು ಬೂದು ಬಣ್ಣದ ದಾರ ತಗೊಳ್ಳಿ. ಕೆಂಪಿನಲ್ಲೂ ನೀಲಿಯಲ್ಲೂ ಅದು ಕಣ್ಣಿಗೆ ಬೀಳಲ್ಲ. ಬರುವ ಭಾನುವಾರ ನಾವು ದೊಡ್ಡಗದ್ದವಳ್ಳಿಗೆ ಹೋಗುವವರಿದ್ದೇವೆ. ಕೆರೆ ಪಕ್ಕದ ದೇವಸ್ಥಾನ, ನೆರಳಿದೆ, ಅತ್ತೆಯೂ ಬರುತ್ತಾರೆ. ಡಬ್ಬಿಗೆ ಹನ್ನೆರಡು ತುಂಡು ಕತ್ತರಿಸಿ ಹಾಕಿಟ್ಟಿದ್ದೇನೆ. ಬೂದು ದಾರ ಮುಗಿದಿದೆ, ಶನಿವಾರ ಸ್ಕೂಲಿಂದ ಬರುವಾಗ ತರಬೇಕು.