ಅಟ್ಟದಲ್ಲಿ ಸಿಕ್ಕಿದ ಸ್ಯಾಂಡರ್ಸನ್

ಪ್ರಶ್ನೆ: ಅಟ್ಟ ಕ್ಲೀನ್ ಮಾಡ್ವಾಗ ಅಜ್ಜನ ಕಾಲದ ಮರದ ಕ್ಯಾಮೆರಾ ಸಿಕ್ತು ಸಾರ್. ಮುಚ್ಚಿದ್ರೆ ಚೌಕದ ಪೆಟ್ಟಿಗೆ, ಮುಂದಿನ ಬಾಗಿಲು ಇಳಿಸಿದ್ರೆ ಕೆಂಪು ಚರ್ಮದ ಬೆಲ್ಲೋಸ್ (ಹಾರ್ಮೋನಿಯಂ ತಿದಿ ಥರ ಮಡಿಕೆ ಮಡಿಕೆಯ ಚೀಲ) ಹೊರಗೆ ಬರತ್ತೆ. ಮೂಲೆಗೆಲ್ಲ ಹಿತ್ತಾಳೆ ಪಟ್ಟಿ, ಮೇಲೆ ಸ್ಯಾಂಡರ್ಸನ್ ಅಂತಿದೆ. ಲೆನ್ಸಿನ ಅಕ್ಕಪಕ್ಕ ಉದ್ದ ಸೀಳಿರೋ ಪಟ್ಟಿಗಳು ಲೊಡಲೊಡ ಅಂತಾವೆ, ಮುರಿದಿದೆಯಾ? ಪಾಲಿಶ್ ಹೊಡೆಸಿ ಶೋಕೇಸಲ್ಲಿ ಇಡೋಣ ಅಂತಿದೀವಿ.
– ಓದುಗರು, ಶಿರಸಿ

ಉತ್ತರ: ದಯವಿಟ್ಟು ಪಾಲಿಶ್‌ಗೆ ಕೊಡಬೇಡಿ! ಆ ಪಟ್ಟಿಗಳು ಹಾಗೆ ಸಡಿಲ ಆಡಬೇಕು, ಗುಂಡಿ ಬಿಗಿ ಮಾಡಿದಾಗ ನಿಲ್ಲತ್ತೆ. ಕ್ಯಾಮೆರಾದ ಜೀವಾನೇ ಅವು.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಫ್ರೆಡೆರಿಕ್ ಸ್ಯಾಂಡರ್ಸನ್ ಅಂತ ಒಬ್ರಿದ್ರು, ಕಸುಬಿಂದ ಮರಗೆಲಸದವರು, ಮರ ಕಲ್ಲು ಎರಡರಲ್ಲೂ ಕೆತ್ತನೆ ಗೊತ್ತಿತ್ತು, ಜೊತೆಗೆ ಕಟ್ಟಡಗಳ ಫೋಟೋ ತೆಗೆಯೋ ಹುಚ್ಚು. ಎತ್ತರದ ಕಟ್ಟಡ ಪೂರ್ತಿ ಬರಲಿ ಅಂತ ಕ್ಯಾಮೆರಾ ಮುಖ ಮೇಲೆ ಮಾಡಿದ್ರೆ ಗೋಡೆಗಳು ಮೇಲಕ್ಕೆ ಹೋಗ್ತಾ ಹೋಗ್ತಾ ಒಂದರ ಕಡೆ ಒಂದು ವಾಲ್ಕೊಳ್ತವೆ, ಮೊಬೈಲಲ್ಲಿ ಗೋಪುರ ತೆಗೆದಾಗ ನೀವೂ ನೋಡಿರ್ತೀರ. ಹಿಂದಿನ ಪ್ಲೇಟ್, ಅಂದ್ರೆ ಚಿತ್ರ ಮೂಡೋ ಗಾಜಿನ ಹಲ್ಲೆ, ನೆಟ್ಟಗೆ ನಿಂತಿದ್ದು ಲೆನ್ಸ್ ಮಾತ್ರ ಮೇಲೆ ಸರಿದ್ರೆ ಗೋಡೆ ನೆಟ್ಟಗೇ ಬರತ್ತೆ. ಸ್ಯಾಂಡರ್ಸನ್ ಇದಕ್ಕೇ ಈ ಸೀಳುಪಟ್ಟಿ ಉಪಾಯ ಮಾಡಿ 1895ರಲ್ಲಿ ಪೇಟೆಂಟ್ ತಗೊಂಡ್ರು, ಲೆನ್ಸ್ ಹಲಗೆ ಸೀಳಲ್ಲಿ ಮೇಲೆ ಕೆಳಗೆ ಜಾರತ್ತೆ, ಹಿಂದೆ ಮುಂದೆ ವಾಲತ್ತೆ, ಎಲ್ಲಿ ಬೇಕೋ ಅಲ್ಲಿ ಗುಂಡಿ ತಿರುಗಿಸಿದ್ರೆ ಗಟ್ಟಿ. ತನ್ನ ಕೆಲಸದ ಕಷ್ಟ ತನ್ನ ಕೈಯಿಂದಾನೇ ಬಗೆಹರಿಸಿದ ಬಡಗಿ ಅಂತ ನಂಗೆ ಅವರ ಮೇಲೆ ತುಂಬಾ ಗೌರವ. ಮಾರಿದ್ದು ಲಂಡನ್ನಿನ ಹೌಟನ್ ಕಂಪನಿ.

ಇನ್ನು ನಿಮ್ಮದು ಟ್ರಾಪಿಕಲ್ ಮಾಡೆಲ್ ಇರಬೇಕು. ಮಡಚೋ ಮಾಮೂಲಿ ಸ್ಯಾಂಡರ್ಸನ್‌ಗೆ ಮರದ ಮೇಲೆ ಕಪ್ಪು ಚರ್ಮ ಅಂಟಿಸಿರ್ತಿದ್ರು, ನಮ್ಮ ದೇಶದಂಥ ಸೆಕೆ, ಮಳೆಗೆ ಚರ್ಮ ಬೂಸ್ಟು ಹಿಡಿಯತ್ತೆ, ಅಂಟು ಬಿಡತ್ತೆ, ಅದಕ್ಕೆ ಚರ್ಮ ಇಲ್ಲದ ಬರೀ ಸಾಗವಾನಿ ಹಾಕಿ ಕೂಡೋ ಜಾಗಕ್ಕೆಲ್ಲ ಹಿತ್ತಾಳೆ ಬಿಗಿದು ಮಾಡಿದ್ದು. ನೂರು ವರ್ಷದ ಬಣ್ಣ ಆ ಹಿತ್ತಾಳೆ ಮೇಲೆ ಕೂತಿದೆ, ಹುಣಸೆಹಣ್ಣಲ್ಲಿ ತಿಕ್ಕಿದ್ರೆ ಅದೂ ಹೋಯ್ತು, ಹಿತ್ತಾಳೆ ಕಾಪಾಡೋಕೆ ಹಚ್ಚಿದ್ದ ಮೂಲ ಲ್ಯಾಕರ್ ಲೇಪಾನೂ ಹೋಯ್ತು. ಒಣ ಬಟ್ಟೆ, ಮೆತ್ತನೆ ಬ್ರಶ್ ಸಾಕು.

ರಾತ್ರಿ ಲೈಟ್ ಆರ್ಸಿ ಬೆಲ್ಲೋಸ್ ಒಳಗೆ ಒಂದು ಸಣ್ಣ ಟಾರ್ಚ್ ಇಟ್ಟು ನೋಡಿ, ಮಡಿಕೆ ಮೂಲೆಗಳಲ್ಲಿ ನಕ್ಷತ್ರದ ಥರ ಬೆಳಕು ಚುಕ್ಕಿ ಕಂಡ್ರೆ ತೂತು ಬಿದ್ದಿದೆ ಅಂತ. ಚುಕ್ಕಿ ಕಾಣದಿದ್ರೆ ಬೆಳಗ್ಗೆ ಕಿಟಕಿ ಕಡೆ ತಿರುಗ್ಸಿ, ಶಟರ್ ತೆರೆದಿಟ್ಟು ಹಿಂದಿನ ಮಸುಕು ಗಾಜಲ್ಲಿ ನೋಡಿ, ತೆಂಗಿನಮರ ತಲೆಕೆಳಗಾಗಿ ಬಣ್ಣದಲ್ಲೇ ಕಾಣತ್ತೆ, ಮಕ್ಕಳನ್ನೂ ಕರೆದು ತೋರ್ಸಿ.

ಮತ್ತೆ ಅದೇ ಅಟ್ಟದಲ್ಲಿ ಗಾಜಿನ ಪ್ಲೇಟುಗಳ ಡಬ್ಬಿ ಇದ್ಯಾ ಅಂತ ಇನ್ನೊಂದ್ಸಲ ಹುಡುಕಿ. ಸಿಕ್ಕಿದ್ರೆ ಅಂಚು ಹಿಡ್ಕೊಂಡೇ ಎತ್ತಿ, ಮಂಕಾಗಿರೋ ಕಡೆ ಜೆಲಟಿನ್ ಪದರ ಇರತ್ತೆ, ಚಿತ್ರ ಇರೋದು ಅಲ್ಲೇ, ಒದ್ದೆ ಬಟ್ಟೆ ಮಾತ್ರ ತಾಗಿಸಬೇಡಿ.