‘ಗೆಟ್’ ಎಂಬ ಪುಟ್ಟ ಇಂಗ್ಲಿಷ್ ಪದಕ್ಕೆ ಇಷ್ಟೊಂದು ಅರ್ಥ ಯಾಕೆ? ಇವನ್ನೆಲ್ಲ ನೆನಪಿಟ್ಟುಕೊಳ್ಳುವುದು ಹೇಗೆ?

ನಿಘಂಟು ತೆಗೆದರೆ ‘ಗೆಟ್’ಗೆ ಪಡೆ, ಸಿಗು, ಆಗು, ತಲುಪು, ತರು, ಅರ್ಥಮಾಡಿಕೊ ಎಂದು ಪುಟಗಟ್ಟಲೆ ಅರ್ಥಗಳಿವೆ, ಯಾವುದನ್ನು ಎಲ್ಲಿ ಹಾಕಬೇಕೋ ತಿಳಿಯುತ್ತಿಲ್ಲ ಎಂದು ಕೇಳಿದ್ದೀರಿ. ನನ್ನ ಉತ್ತರ ಇಷ್ಟು: ಆ ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ. ಇಂಗ್ಲಿಷ್ ಕಡೆಯಿಂದ ಹೊರಡುವ ಬದಲು ಕನ್ನಡ ವಾಕ್ಯದ ಕಡೆಯಿಂದ ಹೊರಡಿ. ನಮ್ಮ ವಾಕ್ಯದಲ್ಲೇ ಅದರ ಗುರುತು ಇರುತ್ತದೆ.

ಒಂದು ವಾಕ್ಯ ನೋಡಿ. ‘ಮಳೇಲಿ ನೆನೆದೆ, ಶೀತ ಆಯ್ತು, ಡಾಕ್ಟರ ಹತ್ರ ಮಾತ್ರೆ ಬರೆಸಿಕೊಂಡೆ, ಮನೆ ಸೇರಿದೆ.’ ಇಂಗ್ಲಿಷಿನಲ್ಲಿ ಈ ನಾಲ್ಕಕ್ಕೂ ‘ಗಾಟ್’ ಸಾಕು: ‘ಐ ಗಾಟ್ ವೆಟ್’, ‘ಐ ಗಾಟ್ ಅ ಕೋಲ್ಡ್’, ‘ಐ ಗಾಟ್ ದ ಡಾಕ್ಟರ್ ಟು ಪ್ರಿಸ್ಕ್ರೈಬ್ ಸಮ್ ಟ್ಯಾಬ್ಲೆಟ್ಸ್’, ‘ಐ ಗಾಟ್ ಹೋಮ್’. ಮೊದಲು ಇರದಿದ್ದದ್ದು ಈಗ ಬಂತು, ಅಥವಾ ಮೊದಲಿದ್ದ ಸ್ಥಿತಿ ಬದಲಾಯಿತು ಎಂಬುದೇ ಎಲ್ಲಕ್ಕೂ ಬೇರು. ಪದ ಬಂದದ್ದು ಹಳೆಯ ನಾರ್ಸ್ ಭಾಷೆಯ ‘ಗೆಟಾ’ದಿಂದ. ‘ಫರ್ಗೆಟ್’ ಕೂಡ ಇದೇ ಕುಲದ್ದು. ಹಿಡಿದದ್ದು ಗೆಟ್, ಕೈತಪ್ಪಿದ್ದು ಫರ್ಗೆಟ್ ಎಂದುಕೊಂಡರೆ ನೆನಪಿನಲ್ಲಿ ಉಳಿಯುತ್ತದೆ.

ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ಗುರುತು ನಮ್ಮ ‘ನನಗೆ’. ನನಗೆ ಕೆಲಸ ಸಿಕ್ಕಿತು, ನನಗೆ ಜ್ವರ ಬಂತು, ನನಗೆ ಕೋಪ ಬಂತು, ನನಗೆ ಹಸಿವಾಯ್ತು, ನನಗೆ ಅರ್ಥವಾಯ್ತು. ಕನ್ನಡದಲ್ಲಿ ಕೆಲಸ, ಜ್ವರ, ಕೋಪ ಎಲ್ಲವೂ ತಾವೇ ನಡೆದುಬಂದು ನಮಗೆ ಸೇರುತ್ತವೆ. ಇಂಗ್ಲಿಷ್ ಆ ‘ನನಗೆ’ಯನ್ನು ‘ಐ’ ಮಾಡಿ ವಾಕ್ಯದ ತಲೆಗೆ ತಂದು ಕೂರಿಸುತ್ತದೆ, ಕ್ರಿಯಾಪದದ ಜಾಗಕ್ಕೆ ‘ಗಾಟ್’ ಹಾಕುತ್ತದೆ: ‘ಐ ಗಾಟ್ ಅ ಜಾಬ್’, ‘ಐ ಗಾಟ್ ಅ ಫೀವರ್’, ‘ಐ ಗಾಟ್ ಆಂಗ್ರಿ’, ‘ಐ ಗಾಟ್ ಹಂಗ್ರಿ’, ‘ಐ ಗಾಟ್ ಇಟ್’.

ಇಲ್ಲಿ ಒಂದು ಎಚ್ಚರ ಬೇಕು. ‘ನನಗೆ’ಯ ಜೊತೆ ಸಿಕ್ತು, ಬಂತು, ಆಯ್ತು ಎಂಬ ಬದಲಾವಣೆ ಇದ್ದರೆ ಮಾತ್ರ ಗೆಟ್. ಇದೆ, ಬೇಕು, ಗೊತ್ತು ಎಂಬ ಇರುವಿಕೆಗೆ ಅದು ಒಗ್ಗದು. ‘ನನಗೆ ಗೊತ್ತು’ ಅಂದರೆ ‘ಐ ನೋ’, ‘ನನಗೆ ಗೊತ್ತಾಯ್ತು’ ಅಂದರೆ ‘ಐ ಗಾಟ್ ಇಟ್’. ಆ ಒಂದು ‘ಆಯ್ತು’ವಿಗೆ ಸಲ್ಲುವ ಪದವೇ ‘ಗಾಟ್’. ಆದರೆ ‘ಐ ಹ್ಯಾವ್ ಗಾಟ್’ ಎಂಬುದು ರೂಪದಲ್ಲಿ ಮಾತ್ರ ಗೆಟ್, ಅರ್ಥದಲ್ಲಿ ‘ಇದೆ’: ‘ಐವ್ ಗಾಟ್ ಟೂ ಬ್ರದರ್ಸ್’ ಎಂದರೆ ನನಗೆ ಇಬ್ಬರು ಅಣ್ಣತಮ್ಮಂದಿರಿದ್ದಾರೆ. ಅಮೆರಿಕದವರು ಇದನ್ನು ಬೇರೆ ಮಾಡಿ ತೋರಿಸಲು, ಹೊಸದಾಗಿ ಸಿಕ್ಕಿದ್ದಕ್ಕೆ, ಆದದ್ದಕ್ಕೆ ‘ಹ್ಯಾವ್ ಗಾಟನ್’ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಅದು ಹೆಚ್ಚಾಗಿ ಬಳಕೆಯಲ್ಲಿಲ್ಲ.

‘ನನಗೆ’ ಇದ್ದರೂ ಗೆಟ್ ಹೊಂದದ ಜಾಗಗಳಿವೆ. ‘ನೆನಪಾಯ್ತು’ ಎಂದರೆ ‘ಐ ರಿಮೆಂಬರ್ಡ್’, ‘ಖುಷಿ ಆಯ್ತು’ ಎಂದರೆ ‘ಐ ವಾಸ್ ಹ್ಯಾಪಿ’, ‘ಈಜು ಬರುತ್ತೆ’ ಎಂದರೆ ‘ಐ ಕ್ಯಾನ್ ಸ್ವಿಮ್’. ನಮ್ಮ ಕ್ಲಾಸುಗಳಲ್ಲಿ ದಿನಾ ಕೇಳಿಸುವ ‘ಐ ಗಾಟ್ ಅ ಡೌಟ್’ ನಮ್ಮ ‘ಡೌಟ್ ಬಂತು’ವಿನ ನೇರ ಅನುವಾದ. ಹೊರದೇಶದವರಿಗೆ ‘ಐ ಹ್ಯಾವ್ ಅ ಕ್ವೆಶ್ಚನ್’ ಎಂದರೆ ಸಲೀಸಾಗಿ ತಿಳಿಯುತ್ತದೆ. ಡೌಟ್ ಎಂದರೆ ನೀವು ಅವರ ಮಾತನ್ನೇ ನಂಬುತ್ತಿಲ್ಲ ಎಂದುಕೊಳ್ಳಬಹುದು.

ಮುಂದಿನದು ‘ಆಗು’. ಸುಸ್ತಾದೆ, ಒದ್ದೆಯಾದೆ, ರೆಡಿಯಾದೆ: ‘ಗಾಟ್ ಟೈರ್ಡ್’, ‘ಗಾಟ್ ವೆಟ್’, ‘ಗಾಟ್ ರೆಡಿ’. ಆದರೆ ಇದು ಗುಣವಾಚಕಕ್ಕೆ ಮಾತ್ರ. ‘ಅವಳು ಡಾಕ್ಟರ್ ಆದಳು’ ಎನ್ನಲು ‘ಶಿ ಗಾಟ್ ಅ ಡಾಕ್ಟರ್’ ಎಂದರೆ ಅವಳಿಗೊಬ್ಬ ಡಾಕ್ಟರ್ ಸಿಕ್ಕಿದರು ಎಂದಾಗುತ್ತದೆ. ಗೆಟ್ ಮುಂದೆ ನಾಮಪದ ಬಂದರೆ ‘ಸಿಗು’, ಗುಣವಾಚಕ ಬಂದರೆ ‘ಆಗು’. ಡಾಕ್ಟರ್ ಆಗಲು ‘ಬಿಕಮ್’ ಬೇಕು.

ನಮ್ಮವರು ಅತಿ ಹೆಚ್ಚು ಎಡವುವುದು ‘ಇಸು’ ಪ್ರತ್ಯಯದಲ್ಲಿ. ‘ಗಾಡಿ ರಿಪೇರಿ ಮಾಡಿಸಿದೆ’ ಎನ್ನಲು ‘ಐ ರಿಪೇರ್ಡ್ ಮೈ ಬೈಕ್’ ಎಂದರೆ ಸ್ಪ್ಯಾನರ್ ಹಿಡಿದು ನೀವೇ ಮಾಡಿದಂತಾಯಿತು. ‘ಐ ಗಾಟ್ ಮೈ ಬೈಕ್ ರಿಪೇರ್ಡ್’ ಎನ್ನಬೇಕು. ಗೆಟ್, ಆಮೇಲೆ ವಸ್ತು, ಕೊನೆಗೆ ಕ್ರಿಯಾಪದದ ಮೂರನೇ ರೂಪ, ಇದೇ ಕ್ರಮ. ‘ಗಾಟ್ ರಿಪೇರ್ಡ್ ಮೈ ಬೈಕ್’ ಎಂದು ತಿರುಗಿಸಿದರೆ ವಾಕ್ಯ ಕೆಡುತ್ತದೆ. ಯಾರ ಕೈಲಿ ಮಾಡಿಸಿದಿರಿ ಎಂದು ಹೇಳುವುದಾದರೆ ‘ಟು’ ಸೇರಿಸಿ: ‘ಐ ಗಾಟ್ ಹಿಮ್ ಟು ಸೈನ್’, ಅವನ ಕೈಲಿ ಸಹಿ ಹಾಕಿಸಿದೆ. ‘ಮೇಡ್’ ಬಳಸಿದರೆ ಟು ಬೇಡ, ಆದರೆ ಆಗ ಒತ್ತಾಯ ಮಾಡಿ ಹಾಕಿಸಿದ ಅರ್ಥ ಬರುತ್ತದೆ. ಗೆಟ್‌ನಲ್ಲಿ ಪುಸಲಾಯಿಸಿ ಒಪ್ಪಿಸಿದ ಛಾಯೆ ಇದೆ.

ಪರ್ಯಾಯ ಪದಗಳ ವಿಷಯ. ಆಫೀಸಿನ ಪತ್ರದಲ್ಲಿ ಗೆಟ್ ತೀರಾ ಸಲಿಗೆಯ ಪದ ಅನ್ನಿಸಿದಾಗ ಕೈಗೆ ಸಿಕ್ಕಿದ್ದನ್ನು ಹಾಕುವಂತಿಲ್ಲ. ತಾನಾಗಿ ಬಂದು ಸೇರಿದ್ದಕ್ಕೆ ‘ರಿಸೀವ್’: ಪತ್ರ, ಹಣ, ದೂರು. ಪ್ರಯತ್ನಪಟ್ಟು ಪಡೆದದ್ದಕ್ಕೆ ‘ಆಬ್ಟೇನ್’: ಅನುಮತಿ, ಲೈಸೆನ್ಸ್, ಮಾರ್ಕ್ಸ್ ಕಾರ್ಡಿನಲ್ಲಿ ಅಚ್ಚಾಗಿರುವ ಪಡೆದ ಅಂಕಗಳು. ‘ಐ ಆಬ್ಟೇನ್ಡ್ ಯುವರ್ ಮೇಲ್’ ಎಂದರೆ ಹೇಗೋ ಗಿಟ್ಟಿಸಿಕೊಂಡಂತೆ ಕೇಳಿಸುತ್ತದೆ. ಹೆಚ್ಚಾಗಿ ಬಹುಕಾಲ ಉಳಿಯುವುದಕ್ಕೆ ‘ಅಕ್ವೈರ್’: ಜಮೀನು, ಕಂಪನಿ, ಕೌಶಲ. ಹೋಗಿ ತಂದುಕೊಡುವುದಕ್ಕೆ ‘ಫೆಚ್’. ಕನ್ನಡದಲ್ಲೂ ಸಿಕ್ಕಿತು, ಗಳಿಸಿದ, ಗಿಟ್ಟಿಸಿದ, ದಕ್ಕಿತು ಒಂದೇ ಅಲ್ಲವಲ್ಲ. ಕೈಗೆ ಸಿಕ್ಕಿದ್ದೆಲ್ಲ ದಕ್ಕುವುದಿಲ್ಲ ಎಂದು ನಾವೇ ಹೇಳುತ್ತೇವೆ. ಆ ಸೂಕ್ಷ್ಮವನ್ನೇ ಇಲ್ಲೂ ಬಳಸಿ.

ಜಾಗ ತಲುಪುವುದಕ್ಕೆ ‘ಗೆಟ್ ಟು ಮೈಸೂರು’, ಆದರೆ ಹೋಮ್, ಹಿಯರ್, ದೇರ್ ಮುಂದೆ ಟು ಬರುವುದಿಲ್ಲ. ‘ಗೆಟ್ ಮ್ಯಾರೀಡ್’ ಆದಮೇಲೆ ‘ಜೊತೆ’ ಎಂಬ ಕನ್ನಡದ ಎಳೆತಕ್ಕೆ ‘ವಿತ್’ ಹಾಕಬೇಡಿ, ಅಲ್ಲಿ ‘ಟು’ ಬರಬೇಕು. ಗೆಟ್ ಓವರ್ (ಚೇತರಿಸಿಕೊ), ಗೆಟ್ ಅಲಾಂಗ್ (ಹೊಂದಿಕೊಂಡು ಹೋಗು), ಗೆಟ್ ಬೈ (ಹೇಗೋ ಸಾಗಿಸು) ಇಂಥವಕ್ಕೆ ನಿಯಮ ಹುಡುಕುತ್ತ ಕೂರಬೇಡಿ. ಒಂದೊಂದನ್ನೂ ಬೇರೆಯೇ ಕ್ರಿಯಾಪದ ಎಂದುಕೊಂಡು ವಾಕ್ಯದೊಂದಿಗೇ ಕಲಿಯಿರಿ.

ಹತ್ತುವುದು ಇಳಿಯುವುದಕ್ಕೆ ಮಾತ್ರ ಸುಲಭದ ದಾರಿ ಇದೆ. ಒಳಗೆ ಎದ್ದು ಓಡಾಡಬಹುದಾದ ಬಸ್ಸು, ರೈಲು, ವಿಮಾನಕ್ಕೆ ಗೆಟ್ ಆನ್, ಗೆಟ್ ಆಫ್. ಬಗ್ಗಿ ತೂರಿಕೊಂಡು ಕೂರುವ ಕಾರು, ಆಟೋಗೆ ಗೆಟ್ ಇನ್, ಗೆಟ್ ಔಟ್. ಬೈಕು, ಕುದುರೆಯ ಮೇಲೆ ಕೂರುತ್ತೇವಾದ್ದರಿಂದ ಅವಕ್ಕೂ ಆನ್, ಆಫ್. ಬಸ್ಸಿನಿಂದ ಇಳಿಯಲು ನಾವು ಹೇಳುವ ‘ಗೆಟ್ ಡೌನ್’ ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಬಸ್ಸಿನೊಳಗೆ ಅದನ್ನು ಕೂಗಿದರೆ, ಏನೋ ಅಪಾಯವಿದೆ, ತಲೆ ಬಗ್ಗಿಸಿ ಎಂದು ತಿಳಿದುಕೊಂಡಾರು.